ಬಾಕಿದಾರರ ಭಾಗ್ಯವನ್ನು ನನಗೂ ಕರುಣಿಸಿ

ಬಾಡಿಗೆ ತಕರಾರುಗಳ ಮಾನ್ಯ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವ ವಯಸ್ಸಲ್ಲ. ನಮ್ಮ ಮಾಲೀಕರದೇ ಎದುರುಮನೆಯಲ್ಲಿರುವ ಹಾಡಿನ ಮೇಷ್ಟ್ರು ಬಾಡಿಗೆ ಬಾಕಿ ಉಳಿಸಿಕೊಂಡು ಸುಖವಾಗಿದ್ದಾರೆ. ನಾನು ಒಂದು ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿ ಈಗ ಮನೆ ಬಿಡಬೇಕಾಗಿದೆ. ಇದಕ್ಕೆ ತಮ್ಮ ನಿಯಮಗಳೇ ಕಾರಣವೆಂಬುದು ನನ್ನ ವಿನಯಪೂರ್ವಕ ಆಪಾದನೆ.

ತಮ್ಮ ಕಚೇರಿಯ ಹೊರಗೋಡೆಯ ಫಲಕವನ್ನು ನಾನು ಕನ್ನಡಕ ಹಾಕಿಕೊಂಡೂ ಓದಿದ್ದೇನೆ, ತೆಗೆದೂ ಓದಿದ್ದೇನೆ. ಕನ್ನಡಕ ಮಾಡುವುದೇ ನನ್ನ ಕಸುಬು. ಮನೆ ಮಾಲೀಕರ ಕೈಗೆ ತಾವು ಮೂರು ಬಗೆಯ ನೋಟಿಸು ಕೊಟ್ಟಿದ್ದೀರಿ. ಬಾಕಿ ಕಟ್ಟು, ಇಲ್ಲವೇ ಬಿಡು ಎನ್ನುವುದು ಮೊದಲನೆಯದು. ನಡತೆ ತಿದ್ದಿಕೊ, ಇಲ್ಲವೇ ಬಿಡು ಎನ್ನುವುದು ಎರಡನೆಯದು. ಮೂರನೆಯದರಲ್ಲಿ ಇಲ್ಲವೇ ಗಿಲ್ಲವೇ ಏನೂ ಇಲ್ಲ. ಬಿಡು, ಅಷ್ಟೇ.

ಮೊದಲನೆಯದು ಮೇಷ್ಟ್ರಿಗೆ ಎಷ್ಟು ಸಲ ಬಂದಿದೆಯೋ ಅವರಿಗೇ ನೆನಪಿಲ್ಲ. ಗಡುವು ಮುಗಿಯುವ ಸಂಜೆ ಒಂದಿಷ್ಟು ಹಣ ಮಾಲೀಕರ ಕೈಗೆ ತುರುಕುತ್ತಾರೆ. ಮಾಲೀಕರು ಹಣ ಮುಟ್ಟಿದರೆ ನೋಟಿಸು ಸತ್ತಂತೆ, ಹೊಸದು ಬರೆಯಬೇಕು. ಬಾಕಿಯ ನೋಟಿಸು ಬರೆಯಬೇಕಾದರೆ ಮನೆ ವಾಸಕ್ಕೆ ಯೋಗ್ಯವಾಗಿರಬೇಕೆಂದು ಫಲಕದ ಬುಡದಲ್ಲಿ ಸಣ್ಣಕ್ಷರದಲ್ಲಿ ಬರೆಸಿದ್ದೀರಲ್ಲ? ಹಾಗಾಗಿ ಪ್ರತಿ ನೋಟಿಸಿಗೂ ಮುಂಚೆ ಅವರ ಮನೆಗೆ ಪ್ಲಂಬರ್ ಬರುತ್ತಾನೆ, ಬಡಗಿ ಬರುತ್ತಾನೆ. ಕಳೆದ ಸಲ ಬಾಗಿಲಿಗೆ ಹಸಿರು ಬಣ್ಣ ಬಳಿಸಿ, ಅದು ಒಣಗಿದ ಮೇಲೆ ನೋಟಿಸು ಅಂಟಿಸಿದರು. ನಮ್ಮ ಅಡುಗೆಮನೆಯ ತಾರಸಿ ಮಾತ್ರ ವರ್ಷಗಳಿಂದ ಸೋರುತ್ತಿದೆ. ಒಲೆಯ ಪಕ್ಕದಲ್ಲಿ ನೀಲಿ ಬಕೆಟ್ಟು ಕಾಯಂ ನೌಕರಿಯಲ್ಲಿದೆ. ತಿಂಗಳು ತಿಂಗಳೂ ಬಾಡಿಗೆ ಕೊಡುವವನ ಮನೆಗೆ ಮಾಲೀಕರು ಯಾಕಾದರೂ ಬಂದಾರು?

ಎರಡನೆಯ ಬಗೆಯದೂ ಮೇಷ್ಟ್ರಿಗೇ ಸಂದಿತು, ಬೆಳಗಾಗುವ ಮೊದಲೇ ಶಿಷ್ಯರ ಗಂಟಲು ತಿದ್ದುತ್ತಾರೆಂದು. ಗಲಾಟೆ ಎಷ್ಟಿದೆಯೆಂದು ಪರೀಕ್ಷಿಸಲು ಹೋದ ಮಾಲೀಕರು ಅಲ್ಲೇ ಚಾಪೆಯ ಮೇಲೆ ಕೂತವರು, ಈಗ ವಾರಕ್ಕೆರಡು ಸಲ ಪಾಠಕ್ಕೆ ಬರುತ್ತಿದ್ದಾರೆ. ಫೀಸು ಬಾಡಿಗೆಯಲ್ಲಿ ವಜಾ! ನೋಟಿಸು ಬಂದ ದಿನ ಮೆಟ್ಟಿಲ ಮೇಲೆ ಜನ ಸೇರುತ್ತಾರೆ. “ಏನಂತೆ ಮೇಷ್ಟ್ರೇ ಈ ಸಲ?” ಎಂದು ಕೇಳುತ್ತಾರೆ. ಪಾಪ, ಅಡುಗೆ ಮಾಡಿಕೊಳ್ಳುವ ಮನಸ್ಸೆಲ್ಲಿರುತ್ತೆ ಎಂದು ಮನೆಮನೆಯಿಂದ ಪಾತ್ರೆಗಳು ಹೋಗುತ್ತವೆ. ಅದರಲ್ಲೊಂದು ನಮ್ಮ ಮನೆಯದು. ಹೊಸ ಸ್ಟೀಲು ಡಬ್ಬಿ, ಮುಚ್ಚಳ ಸಮೇತ.

“ಆ ಡಬ್ಬೀಲಿ ನನಗೊಂದಿನ ಹಾಕಿಕೊಟ್ಟಿದ್ದೀಯೇನೇ?” ಎಂದೆ ಹೆಂಡತಿಗೆ.

“ನಿಮಗೇನ್ರೀ ಕಷ್ಟ ಬಂದಿದೆ?” ಎಂದಳು. “ನೀವೂ ಒಂದ್ ತಿಂಗಳು ಕೊಡದೆ ನೋಡಿ. ತಾರಸಿನಾದ್ರೂ ರಿಪೇರಿ ಆಗುತ್ತೆ.”

ಎದೆ ಗಟ್ಟಿಮಾಡಿಕೊಂಡು ಕೊಡಲಿಲ್ಲ. ಎರಡನೇ ದಿನವೇ ಮಾಲೀಕರು ನನ್ನ ಅಂಗಡಿಗೆ ಓಡಿಬಂದರು. ನೋಟಿಸೆಲ್ಲಿ ಎಂದು ನಾನು ಅವರ ಜೇಬನ್ನೇ ನೋಡುತ್ತಿದ್ದೆ. “ಏನ್ ಸಾರ್, ಹುಷಾರಿಲ್ವಾ? ಡಾಕ್ಟರ ಹತ್ರ ಹೋಗೋಣ್ವಾ? ನೀವು ಬಾಡಿಗೆ ಮರೀತೀರಾ ಅಂದ್ರೆ ಏನೋ ಆಗಿರಬೇಕು ಅಂತ ನಮ್ಮನೆಯವಳು ಅತ್ತೇಬಿಟ್ಟಳು!” ನಾನು ನಾಚಿಕೊಂಡು ಹಣವನ್ನೂ ಕೊಟ್ಟೆ, ಅವರ ಕನ್ನಡಕದ ಸಡಿಲ ಸ್ಕ್ರೂವನ್ನೂ ಬಿಗಿಮಾಡಿದೆ. ಪುಕ್ಕಟೆಯಾಗಿ.

ಅದೇ ಕನ್ನಡಕ ಹಾಕಿಕೊಂಡು ಅವರು ಹೋದ ವಾರ ನನಗೊಂದು ನೋಟಿಸು ಬರೆದರು. ಮಾನ್ಯರೇ, ಮೂರನೆಯ ಬಗೆಯದು. ಮಗಳು, ಅಳಿಯ ಬರುತ್ತಿದ್ದಾರಂತೆ, ಮನೆ ಬೇಕಂತೆ.

“ಎದುರುಮನೆ ಬಿಡಿಸಬಹುದಲ್ಲ? ಹೊಸ ಬಣ್ಣ ಬೇರೆ ಬಳಿಸಿದ್ದೀರಿ,” ಎಂದೆ.

“ಅಯ್ಯೋ, ಅವರೆಲ್ಲಿ ಬಿಡ್ತಾರೆ ಸಾರ್! ಅವರಿಗೆ ನೋಟಿಸು ಅಂದ್ರೆ ನೀರು ಕುಡಿದ ಹಾಗೆ. ನೀವಾದ್ರೆ ಮರ್ಯಾದಸ್ಥರು, ಹೇಳಿದ ದಿನಕ್ಕೆ ಹೋಗ್ತೀರಿ.” ಬಾಗಿಲ ತನಕ ಹೋದವರು ತಿರುಗಿ ನಿಂತು ಸಮಾಧಾನ ಹೇಳಿದರು: “ತಾರಸಿ ಬಗ್ಗೆ ಯೋಚನೆ ಮಾಡ್ಬೇಡಿ. ನೀವು ಖಾಲಿ ಮಾಡಿದ ಮಾರನೇ ದಿನವೇ ಮಾಡಿಸ್ತೀನಿ.”

ಮೇಷ್ಟ್ರು ನನ್ನ ನೋಟಿಸನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಅವರ ಮುಖ ಸಣ್ಣದಾಯಿತು. “ಇದು ನನಗೆ ಇದುವರೆಗೂ ಬಂದಿಲ್ಲ ಸಾರ್,” ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಮೇಲೆ ಕರುಬಿದ್ದು ಅದೊಂದೇ ಸಲ. ಒಂದು ಗಳಿಗೆ ಹಿತವಾಗಿಯೇ ಇತ್ತು. ಆಮೇಲೆ ಒಳಗೆ ಹೋದೆ. ನನ್ನವಳು ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತುತ್ತಿದ್ದಳು. ಒಲೆಯ ಪಕ್ಕದಲ್ಲಿ ಬಕೆಟ್ಟು ಟಪ್ ಟಪ್ ಎನ್ನುತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬಾಕಿ ಉಳಿಸಿಕೊಂಡವನಿಗೆ ತೀರಿಸಲೊಂದು ಅವಕಾಶ ಕೊಡುತ್ತೀರಿ; ಕೊಡಬೇಕಾದ್ದೇ, ಮೇಷ್ಟ್ರನ್ನು ಬೀದಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಬಾಕಿಯೇ ಇಲ್ಲದವನಿಗೂ ಉಳಿದುಕೊಳ್ಳಲೊಂದು ಅವಕಾಶ ಕೊಡಿ. ಮೂರನೆಯ ಬಗೆಯದನ್ನು ಅಂಥವನ ಮೇಲೆ ಪ್ರಯೋಗಿಸಕೂಡದೆಂದು ಆ ಫಲಕದಲ್ಲಿ ಬರೆಸಿ, ಸಣ್ಣಕ್ಷರವಾದರೂ ಸರಿ, ಓದಿಕೊಳ್ಳುತ್ತೇನೆ. ತೀರ್ಪು ಕೊಡುವ ಮುನ್ನ ಒಮ್ಮೆ ನಮ್ಮ ಅಡುಗೆಮನೆಗೆ ದಯಮಾಡಿಸಿ. ಕೂರಲು ಕುರ್ಚಿ ಕೊಡುತ್ತೇನೆ, ಒಲೆಯಿಂದ ಸ್ವಲ್ಪ ದೂರದಲ್ಲಿ. ಅಲ್ಲಿಯತನಕ ಈ ತಿಂಗಳ ಬಾಡಿಗೆ ಕೊಡುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ನನ್ನವಳು ಪಾತ್ರೆ ಸುತ್ತುವುದನ್ನು ನಿಲ್ಲಿಸಿದ್ದಾಳೆ. ಇವತ್ತು ಮಧ್ಯಾಹ್ನದ ಊಟ ಅಂಗಡಿಗೆ ಸ್ಟೀಲು ಡಬ್ಬಿಯಲ್ಲಿ ಬಂತು, ಮುಚ್ಚಳ ಸಮೇತ.

ಇಂತಿ,
ತಡವಾಗಿಯಾದರೂ ಬಾಕಿದಾರನಾದ,
ನೀಲಿ ಬಕೆಟ್ಟೊಂದರ ಮಾಲೀಕ