ಮೀಸೆಯಿಲ್ಲದ ಡಾಕ್ಟರು

ರೀ,

ಊಟ ಮುಚ್ಚಿಟ್ಟಿದ್ದೇನೆ.

ನಿನ್ನೆ ಸರ್ಕಾರಿ ಆಸ್ಪತ್ರೆಯ ಜೂಜು ಬಿಡಿಸುವ ವಿಭಾಗದಿಂದ ಫೋನ್ ಬಂದಿತ್ತು. ನಾಲ್ಕು ವಾರದಿಂದ ನೀವು ಅತ್ತ ತಲೆಯೇ ಹಾಕಿಲ್ಲವಂತೆ. "ಡಾಕ್ಟರು ಮೀಸೆ ನೀವಿಕೊಂಡು, ನೀವು ಮುಕ್ಕಾಲು ವಾಸಿಯಾದ್ರಿ ಅಂದ್ರು ಕಣೇ" ಅಂತ ಹೇಳಿದಿರಲ್ಲ? ಅಲ್ಲಿರುವ ಡಾಕ್ಟರು ಹೆಂಗಸು.

ಇವತ್ತು ಹನ್ನೊಂದಕ್ಕೆ ಮತ್ತೆ ಸಮಯ ಕೊಟ್ಟಿದ್ದಾರೆ. ಚಿಕಿತ್ಸೆ ಪುಕ್ಕಟೆ. ಅವರು ಫೋನ್ ಮಾಡಿದರೆ ಮಗಳ ಕೈಲಿ "ಅಪ್ಪ ಮನೇಲಿಲ್ಲ" ಅನ್ನಿಸಬೇಡಿ. ಆ ಸುಳ್ಳು ಅವಳಿಗೆ ಈಗಲೇ ಸರಾಗವಾಗಿ ಬರುತ್ತಿದೆ.

ಹೊಲಿಗೆ ಕೆಲಸಕ್ಕೆ ರಜೆ ಹಾಕಿ ನಾನು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತೇನೆ. ನೀವು ಬರದಿದ್ದರೆ ನಾನೇ ಒಳಗೆ ಹೋಗುತ್ತೇನೆ. ಮನೆಯವರನ್ನೂ ನೋಡುತ್ತಾರಂತೆ. ನಿಮ್ಮನ್ನು ನಂಬುವ ಚಟ ನನಗಿದೆ, ಅದನ್ನು ಬಿಡಿಸಿ ಅಂತ ಕೇಳುತ್ತೇನೆ.