ಕರೆಂಟು ಬಂದಾಗ ಕೂಗಲು ಯಾರೂ ಇರಲಿಲ್ಲ

ಹೆಣ್ಣುಮಕ್ಕಳ ಹಾಸ್ಟೆಲ್, ಕೋಲಾರ
18-2-1987, ಬುಧವಾರ

ಪ್ರೀತಿಯ ಕದಿರೇಶಣ್ಣನಿಗೆ ನಿನ್ನ ತಂಗಿಯ ನಮಸ್ಕಾರಗಳು.

ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಟೆಲಿಗ್ರಾಂ ಕೊಟ್ಟಾಯಿತು, ಇನ್ನು ಬರೆದು ಬರೆದು ಗಡಿಯಲ್ಲಿ ನಿಂತಿರುವ ಹುಡುಗನ ಮನಸ್ಸು ಕೆಡಿಸಬೇಡ ಎಂದು ಭಾರತಮ್ಮತ್ತೆ ಹೇಳಿದ್ದರು. ಆದರೆ ಸೊಣ್ಣಪ್ಪ ಮಾವ ಹೋದರು ಎಂಬುದನ್ನು ಟೆಲಿಗ್ರಾಂ ಹೇಳಿತೇ ಹೊರತು ಹೇಗೆ ಹೋದರು ಎಂದು ಹೇಳಲಿಲ್ಲ. ಅದನ್ನು ಮಾರ್ಚಿ ಎರಡನೇ ತಾರೀಖು ಸೋಮವಾರ ತಾಲ್ಲೂಕು ಕಛೇರಿಯಲ್ಲಿ ನನ್ನನ್ನು ಕೇಳುತ್ತಾರೆ. ನಾನು ಏನು ಹೇಳುತ್ತೇನೋ ಅದರ ಮೇಲೆ, ನಮ್ಮಿಬ್ಬರನ್ನೂ ಸಾಕಿದ ಮಾವ ಸರ್ಕಾರದ ಲೆಕ್ಕದಲ್ಲಿ ಕುಡುಕ, ಕಳ್ಳ ಎಂದಾಗುತ್ತಾರೋ ಇಲ್ಲವೋ ತೀರ್ಮಾನವಾಗುತ್ತದೆ.

ನಿನ್ನ ಕಿವಿನೋವು ಹೇಗಿದೆ? ಚಳಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೀಯ ತಾನೆ? ನಿನ್ನ ಹಿಂದಿನ ಕಾಗದವನ್ನು ಸಂಕ್ರಾಂತಿಗೆ ಹೋದಾಗ ಮಾವನಿಗೆ ಓದಿ ಹೇಳಿದ್ದೆ. ಎಲ್ಲಾ ಕೇಳಿಸಿಕೊಂಡು, "ಅದ್ಸರಿ ಕಣಮ್ಮಿ, ಅಲ್ಲಿ ಅವನಿಗೆ ಹುರುಳಿ ಕಟ್ಟಿನ ಸಾರು ಯಾರ್ ಮಾಡಿಕ್ತಾರೆ?" ಅಂದರು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಊಟ ಮಾಡುತ್ತೇನೆ, ಕ್ಲಾಸಿಗೆ ಹೋಗುತ್ತೇನೆ, ಪಾಠ ತಲೆಗೆ ಹತ್ತುವುದಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು, ಅಳುವುದಕ್ಕೂ ಲೈಟ್ ಆಫ್ ಆಗುವವರೆಗೆ ಕಾಯುವ ಅಭ್ಯಾಸ. ನನ್ನ ಕನ್ನಡದಲ್ಲಿ ಇಂಗ್ಲಿಷು ನುಸುಳಿದರೆ ಬೈಯಬೇಡ.

ಸಮ್ಮೇಳನದ ವಿಷಯ ಹೋದ ಕಾಗದದಲ್ಲೇ ಜಂಬದಿಂದ ಬರೆದಿದ್ದೆ. ಈ ಪ್ರೋಗ್ರಾಮರುಗಳು, ಅಂದರೆ ಕಂಪ್ಯೂಟರು ಏನು ಮಾಡಬೇಕೆಂದು ಅದರದೇ ಭಾಷೆಯಲ್ಲಿ ಬರೆದುಕೊಡುವವರು, ವರ್ಷಕ್ಕೊಮ್ಮೆ ಬೆಂಗಳೂರಲ್ಲೋ ಮದ್ರಾಸಲ್ಲೋ ದೊಡ್ಡ ಹೋಟೆಲಿನಲ್ಲಿ ಸೇರುತ್ತಾರಂತೆ. ನಮ್ಮ ಲೆಕ್ಚರರ್ ಕೋದಂಡರಾಮಪ್ಪ ಸಾರ್ ಹಟ ಹಿಡಿದು ಈ ಸಲ ಕೋಲಾರಕ್ಕೆ ಕರೆತಂದರು. "ಹೋಟೆಲಲ್ಲಿ ಮಾಡಿದರೆ ಅದು ಮೀಟಿಂಗು, ಜನರ ಮಧ್ಯೆ ಮಾಡಿದರೆ ಸಮ್ಮೇಳನ" ಎನ್ನುತ್ತಿದ್ದರು. ಜನರೂ ಹಾಗೇ ಬಂದರು ಅಣ್ಣ, ಅದನ್ನು ಸುಳ್ಳೆನ್ನಲಾರೆ. ಪೇಟೆಯವರು ಛತ್ರ ಬಿಟ್ಟುಕೊಟ್ಟರು, ಬಂದವರಿಗೆ ತಮ್ಮ ಮನೆಗಳಲ್ಲೇ ಹಾಸಿಗೆ ಹಾಸಿದರು. ವೇಮಗಲ್ ಕಡೆಯ ಹಳ್ಳಿಗಳು ಹಾಲು, ತರಕಾರಿ ತಂದವು. ಅಡಿಗೆ ನಮ್ಮೂರಿನದು. ಮದ್ರಾಸಿನ ಒಬ್ಬರು ಮುದ್ದೆಯನ್ನು ಅಗಿದು ಅಗಿದು ಒದ್ದಾಡುವಾಗ ನಮ್ಮೂರ ಯಜಮಾನರು ದೊಡ್ಡಮುನಿಯಪ್ಪ, "ಸಾಮೀ, ನಿಮ್ ಕಂಪ್ಯೂಟ್ರಿಗೇ ಹಲ್ಲಿಲ್ಲ, ನಿಮಗ್ಯಾಕೆ? ನುಂಗಿ ಸುಮ್ನೆ" ಎಂದು ಪಂಕ್ತಿಯನ್ನೆಲ್ಲಾ ನಗಿಸಿದ್ದರು.

ಊಟಕ್ಕೆ ಕರೆಯಲು ನಮ್ಮ ಪೆದ್ದಪ್ಪ ತಾತನನ್ನು ಕರೆಸಿದ್ದರು. ಆ ಗಂಟಲು ಗೊತ್ತಲ್ಲ ನಿನಗೆ. ಆಂಜನೇಯನ ಗುಡಿ ಮುಂದಿನ ಕಂಬದ ಬಲ್ಬಿನ ಕೆಳಗೆ ಕೂತು, ಬಲ್ಬು ಹತ್ತಿದ ತಕ್ಷಣ ಎದ್ದು "ಕರೆಂಟ್ ಬಂತ್ರಪ್ಪೋ... ಕರೆಂಟೊಚ್ಚಿಂದ್ರೋ..." ಎಂದು ಕನ್ನಡದಲ್ಲೊಂದು ತೆಲುಗಿನಲ್ಲೊಂದು ಕೂಗು ಹಾಕಿದರೆ ಕೆರೆಯಾಚೆಯ ತೋಟಗಳಿಗೂ ಕೇಳಬೇಕು. ಅಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಅವರಿಂದ ಮತ್ತೊಬ್ಬರು. ಆ ಕೂಗು ಕೇಳಿಯೇ ನಮ್ಮೂರವರು ಸ್ಟಾರ್ಟರಿನ ಹತ್ತಿರ ಹೋಗುವುದು, ವೈರಿನಿಂದ ಕೈ ತೆಗೆಯುವುದು. ಚಿಕ್ಕವನಿದ್ದಾಗ ನೀನು ತಮಾಷೆಗೆ ಸುಳ್ಳು ಕೂಗು ಹಾಕಿ ಮಾವನ ಕೈಯಲ್ಲಿ ಹುಣಿಸೆ ಬರಲಿನ ಏಟು ತಿಂದಿದ್ದೆ. ಅವರು ನಮ್ಮ ಮೇಲೆ ಕೈ ಎತ್ತಿದ್ದು ಅದೊಂದೇ ಸಲ.

ಛತ್ರದಲ್ಲಿ ಬೆಂಗಳೂರಿನ ಒಬ್ಬ ಮೇಡಂ ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಮ್ ತೋರಿಸಿದರು. ತಾತನ ಹೆಸರು ಹಸಿರು ಚುಕ್ಕಿಗಳಲ್ಲಿ ಬಂತು. ತಾತ ಹತ್ತಿರ ಹೋಗಿ ನೋಡಿ, "ಎಬ್ಬೆಟ್ಟೊತ್ತೋನ ಹೆಸರು ಇಷ್ಟು ಚೆಂದಾಕೈತೇನಮ್ಮಿ?" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾರ್ ಕಣ್ಣೊರೆಸಿಕೊಂಡರು.

ಆ ಕಂಪ್ಯೂಟರುಗಳಿಗೆ ನಮ್ಮ ಪೇಟೆಯ ವೋಲ್ಟೇಜು ಸಾಲುತ್ತಿರಲಿಲ್ಲ. ಹಳ್ಳಿಗಳ ಪಂಪ್‌ಸೆಟ್ಟಿನ ಲೈನನ್ನು ಎರಡು ದಿನ ಹಗಲು ನಿಲ್ಲಿಸಿದರೆ ವೋಲ್ಟೇಜು ಸಾಕಾಗುತ್ತದೆ ಎಂದಾಯಿತು. ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ಚು ಹಾಕುವ ಶ್ರೀರಾಮಪ್ಪ ನಮ್ಮೂರಿನವನೇ. ಮೇಲಿನವರ ಆರ್ಡರ್ ಇಲ್ಲ, ಬಾಯಿಮಾತಿನಲ್ಲೇ ಒಪ್ಪಿಕೊಂಡ. ಊರವರನ್ನು ಒಪ್ಪಿಸಲು ಸಾರ್ ನನ್ನನ್ನು ಕಳಿಸಿದರು. ಮನೆಮನೆಗೆ ಹೋಗಿ, ಶನಿವಾರ ಭಾನುವಾರ ಸಂಜೆ ಆರರವರೆಗೆ ಕರೆಂಟಿಲ್ಲ, ಆಮೇಲೆ ರಾತ್ರಿಯೆಲ್ಲಾ ಕೊಡುತ್ತಾರೆ ಎಂದು ಹೇಳಿಬಂದೆ. ಮಾವನೇ ಮೊದಲು ಒಪ್ಪಿದ್ದು. ಜಗಲಿ ಮೇಲೆ ಕೂತು ಹೋಗಿಬರುವವರಿಗೆಲ್ಲಾ "ಹುಡುಗೀನೂ ನಮ್ಮದೇ, ಕರೆಂಟೂ ನಮ್ಮದೇ, ಮಿಷನ್ ಒಂದು ಅವರದು" ಎನ್ನುತ್ತಿದ್ದರಂತೆ.

ಭಾನುವಾರ ನಮ್ಮೂರಲ್ಲಿ ಓಡಾಡಬಲ್ಲವರು ಹೆಚ್ಚುಕಡಿಮೆ ಎಲ್ಲರೂ ಟ್ರಾಕ್ಟರ್ ಹತ್ತಿ ಛತ್ರಕ್ಕೆ ಬಂದಿದ್ದರು. ಮಾವ ಬರಲಿಲ್ಲ. ರೇಷ್ಮೆ ಹುಳುಗಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದವು, ಬಿಟ್ಟು ಬರುವಂತಿರಲಿಲ್ಲ. ಸೊಪ್ಪು ಹಾಕಿ, ಹೇಗೂ ಸಂಜೆಯವರೆಗೆ ಕರೆಂಟಿಲ್ಲವಲ್ಲ ಎಂದು ಬಾವಿಯ ಹತ್ತಿರ ಸವೆದುಹೋಗಿದ್ದ ವೈರು ಬಿಚ್ಚಿ ಕಟ್ಟಲು ಕೂತರು. ಇಲ್ಲಿ ಮಧ್ಯಾಹ್ನ ಮದ್ರಾಸಿನವರಿಗೆ ರೈಲಿನ ಹೊತ್ತಾಯಿತೆಂದು ಕೊನೆಯ ಭಾಷಣ ಬಿಟ್ಟು ಸಮ್ಮೇಳನ ಬೇಗ ಮುಗಿಸಿದರು. ಸಾರ್ ಛತ್ರದ ಫೋನಿನಿಂದ ಶ್ರೀರಾಮಪ್ಪನಿಗೆ, "ನಮ್ಮ ಕೆಲಸ ಆಯ್ತಪ್ಪ, ಪಾಪ ಹಳ್ಳಿಯವರ ಕರೆಂಟು ಅವರಿಗೆ ಬೇಗನೇ ಕೊಟ್ಟುಬಿಡು" ಎಂದರು. ನಾನು ಪಕ್ಕದಲ್ಲೇ ಇದ್ದೆ. ಎಷ್ಟು ಒಳ್ಳೆಯವರು ನಮ್ಮ ಸಾರ್ ಎಂದುಕೊಂಡೆ. ಶ್ರೀರಾಮಪ್ಪ ಸ್ವಿಚ್ಚು ಹಾಕಿದ. ಗುಡಿ ಮುಂದಿನ ಬಲ್ಬು ಹತ್ತಿತು. ಅದರ ಕೆಳಗೆ ಯಾರೂ ಇರಲಿಲ್ಲ. ತಾತ ನಮ್ಮ ಜೊತೆ ಛತ್ರದಲ್ಲಿ ಎಲೆ ಎತ್ತುತ್ತಿದ್ದ.

ಫ್ಯೂಸು ಯಾಕೆ ತೆಗೆದಿರಲಿಲ್ಲ ಎಂದು ಪೊಲೀಸರು ಕೇಳಿದರು. ನಮ್ಮೂರಲ್ಲಿ ಯಾರು ಫ್ಯೂಸು ತೆಗೆಯುತ್ತಾರೆ ಅಣ್ಣ? ಪೆದ್ದಪ್ಪ ತಾತನ ಗಂಟಲೇ ನಮ್ಮ ಫ್ಯೂಸು.

ನಾನೂ ಟ್ರಾಕ್ಟರಿನಲ್ಲೇ ಊರಿಗೆ ಹೊರಟೆ. ಅತ್ತೆ ಮಾವನಿಗೆಂದು ಎಲೆಯಲ್ಲಿ ಹೋಳಿಗೆ ಕಟ್ಟಿಕೊಂಡು ಮಡಿಲಲ್ಲಿಟ್ಟುಕೊಂಡಿದ್ದರು. ಕೆರೆ ಏರಿ ದಾಟುವಾಗ ನೋಡಿದರೆ ದಾರಿಯ ಮೇಲೆಲ್ಲಾ ನೀರು. ಸ್ಟಾರ್ಟರಿಗೆ ಕಡ್ಡಿ ಸಿಗಿಸಿ ಬಂದವರ ಮೋಟಾರುಗಳೆಲ್ಲಾ ತಾವೇ ಓಡುತ್ತಿದ್ದವು. "ಏಯ್, ಆಗ್ಲೇ ಕೊಟ್ಟವ್ರೆ ಕಣ್ರೋ" ಎಂದು ಯಾರೋ ಖುಷಿಪಟ್ಟರು. ಪೆದ್ದಪ್ಪ ತಾತ ಅಭ್ಯಾಸಬಲದಿಂದ ಟ್ರೇಲರಿನಲ್ಲಿ ಎದ್ದು ನಿಂತು, ಒಬ್ಬರ ಭುಜ ಹಿಡಿದುಕೊಂಡು, ದೊಡ್ಡದಾಗಿ ಕೂಗಿದ, "ಕರೆಂಟ್ ಬಂತ್ರಪ್ಪೋ..." ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಾನೂ. ಮಾವ ಆಗಲೇ ಬಾವಿಯ ಪಕ್ಕದ ಕಾಲುವೆಯ ನೀರಿನಲ್ಲಿ ವೈರು ಹಿಡಿದುಕೊಂಡೇ ಮಲಗಿದ್ದರು. ಬೆರಳು ಬಿಡಿಸಲಾಗಲಿಲ್ಲ. ಉಳಿದದ್ದನ್ನು ನಾನು ಬರೆಯುವುದಿಲ್ಲ.

ಈಗ ಊರು ಒಂದು ಕಥೆ ಕಟ್ಟಿದೆ. ಸೊಣ್ಣಪ್ಪ ಕುಡಿದು, ಲೈನಿಗೆ ಕೊಕ್ಕೆ ಹಾಕಿ ಕಳ್ಳ ಕರೆಂಟು ಎಳೆಯಲು ಹೋಗಿ ಸತ್ತ, ಅಷ್ಟೇ. ಆ ಕಥೆಯಲ್ಲಿ ಕರೆಂಟು ನಿಲ್ಲಿಸಿಯೂ ಇರಲಿಲ್ಲ, ಯಾರೂ ಮನೆಮನೆಗೆ ಹೋಗಿಯೂ ಇರಲಿಲ್ಲ. ನಿಜ ಹೇಳಿದರೆ ಶ್ರೀರಾಮಪ್ಪನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಅವನ ಹೆಂಡತಿ ಶಾಮಲಮ್ಮ ಎಳೆಮಗುವನ್ನು ಅತ್ತೆಯ ಕಾಲ ಮೇಲೆ ಹಾಕಿ ಹೊರಳಾಡಿ ಅತ್ತಳು. ದೊಡ್ಡಮುನಿಯಪ್ಪನವರು ನನ್ನನ್ನು ಕರೆದು, "ಹೋದೋನು ಹೋದ, ಇರೋನ್ನ ಯಾಕಮ್ಮಿ ಸಾಯ್ಸೋದು? ಸತ್ತೋರಿಗೆ ಮಾನ ಯಾಕೆ?" ಅಂದರು. ಸಾರ್ ಕಾಲೇಜಿನಲ್ಲಿ ಬಾಗಿಲು ಹಾಕಿಕೊಂಡು ಮಗುವಿನ ಹಾಗೆ ಅತ್ತರು ಅಣ್ಣ, ನಾಟಕವಲ್ಲ. ಅತ್ತು ಮುಖ ತೊಳೆದುಕೊಂಡು, "ಗಂಗರತ್ನ, ಬಿ ಪ್ರಾಕ್ಟಿಕಲ್. ಆರು ಗಂಟೆಯ ಮಾತು ಎತ್ತಬೇಡ. ನಿನ್ನ ಸೀಟು, ಹಾಸ್ಟೆಲು ನಾನು ನೋಡಿಕೊಳ್ಳುತ್ತೇನೆ" ಎಂದರು. ನೋಡಿಕೊಳ್ಳುತ್ತೇನೆ ಎಂದರೆ ಏನು ಎಂದು ಕೇಳುವ ಧೈರ್ಯ ಬರಲಿಲ್ಲ. ಮಾವ ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ, ಕೊಕ್ಕೆ ಹಾಕಿದವರಲ್ಲ. ಅತ್ತೆಯನ್ನು ಕೇಳಿದರೆ "ನೀನು ಓದಿದೋಳು" ಅನ್ನುತ್ತಾರೆ. ಪೆದ್ದಪ್ಪ ತಾತ ಅಂದಿನಿಂದ ಬಾಯಿ ಬಿಟ್ಟಿಲ್ಲ. ಗುಡಿ ಮುಂದೆ ಬಂದು ಕೂರುತ್ತಾನೆ, ಬಲ್ಬು ಹತ್ತುತ್ತದೆ, ಸುಮ್ಮನೆ ನೋಡುತ್ತಾನೆ.

ರಜೆ ಕೊಡದಿದ್ದರೆ ಮೇಲಿನವರ ಜೊತೆ ಜಗಳವಾಡಬೇಡ. ಬಿಸಿನೀರು ಕುಡಿ, ಕಿವಿ ಜೋಪಾನ. ಅತ್ತೆಯ ಆಶೀರ್ವಾದ ನಿನ್ನ ಮೇಲಿದೆ, ನಿನ್ನ ಜೊತೆಗಾರರಿಗೂ ಇರಲಿ ಎಂದಿದ್ದಾರೆ.

ನಿನ್ನ ತಂಗಿ,
ಗಂಗರತ್ನ

ಮತ್ತೆ ಬರೆದದ್ದು: ಇದನ್ನು ಅಂಟಿಸುವ ಹೊತ್ತಿಗೆ ಅತ್ತೆ ಬಸ್ಸಿನಲ್ಲಿ ಬಂದರು, ಈಗ ಹಾಸ್ಟೆಲಿನ ಗೇಟಿನ ಹತ್ತಿರ ಕೂತಿದ್ದಾರೆ. ಇವತ್ತು ಬೆಳಿಗ್ಗೆ ಬಲ್ಬು ಹತ್ತಿದಾಗ ತಾತ ಎದ್ದು ನಿಂತು ಬಾಯಿ ತೆರೆದನಂತೆ, ದನಿ ಬರಲಿಲ್ಲವಂತೆ. ತೋಟಗಳಲ್ಲಿ ಜನ ಇದ್ದರು. ಸೂತಕದ ಮನೆಯಿಂದ ಅತ್ತೆಯೇ ಬೀದಿಗೆ ಬಂದು ಕೂಗಿದರಂತೆ. ಅದನ್ನು ಹೇಳಲಿಕ್ಕೇ ಬಂದೆ ಎಂದರು. ಅಣ್ಣ, ಅತ್ತೆಯೇ ಕೂಗಿದ ಮೇಲೆ ನಾನು ಎರಡನೇ ತಾರೀಖು ಸೋಮವಾರ ಕಛೇರಿಯಲ್ಲಿ "ಸಂಜೆ ಆರು" ಎಂದೇ ಹೇಳುತ್ತೇನೆ. ಆಮೇಲೆ ಹಾಸ್ಟೆಲು ಇರುವುದಿಲ್ಲ, ಊರಿನವರು ಅತ್ತೆಯನ್ನೂ ನನ್ನನ್ನೂ ಊರ ಬಾವಿಗೆ ಸೇರಿಸುವುದಿಲ್ಲ. ನೀನು ನಮ್ಮ ಜೊತೆ ಇರುತ್ತೀಯೋ ಇಲ್ಲವೋ ಅಷ್ಟು ಮಾತ್ರ ಬರಿ. ಆ ಸೋಮವಾರದೊಳಗೆ ತಲುಪುವ ಹಾಗೆ ಬೇಗ ಉತ್ತರ ಹಾಕು.