ಬಳ್ಳಿ ಹಿಡಿದ ಕಲ್ಲು

ಸೆಪ್ಟೆಂಬರ್ 9, ಸೋಮವಾರ

ಮತ್ತೆ ಗೋರಿಗಳ ಸುತ್ತು. ಒಂದೊಂದು ಕಲ್ಲಿಗೂ ಅಂಗೈ ಊರಿ ತಳ್ಳಿ ನೋಡಬೇಕು. ಚರ್ಚಿನ ಉಸ್ತುವಾರಿ ಅಂದರೆ ಇದೇ. ಹಳಬರೆಲ್ಲ ಗಟ್ಟಿಯಾಗಿದ್ದಾರೆ. ನಮ್ಮ ಮನೆತನದ್ದು, ಕಲ್ಲುಹಲಗೆ ಜೋಡಿಸಿದ ಪೆಟ್ಟಿಗೆಯಂಥ ಗೋರಿ, ಅದು ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಮೈತುಂಬ ಐವಿ ಬಳ್ಳಿ.

ಸೆ. 11

ಕಲ್ಲುಕುಟಿಗ ಪುಲ್ಲೆನ್ ಬಂದ. ಬಗ್ಗಿ ನೋಡಿದ.

“ಕಲ್ಲು ಬಿಗಿದಿದ್ದ ಒಳಗಿನ ಕಬ್ಬಿಣ ತುಕ್ಕು ತಿಂದು ಹೋಗಿದೆ ಹೆಸ್ಟರಮ್ಮ. ಕಲ್ಲನ್ನ ಹಿಡ್ಕೊಂಡಿರೋದು ಈ ಬಳ್ಳಿನೇ. ಯಾರೂ ಮುಟ್ಟಬಾರ್ದು.”

“ನೀನೇ ಸರಿಮಾಡು.”

“ಬಿಷಪ್ಪರ ಕಚೇರಿ ಒಪ್ಪಿಗೆ ಇಲ್ದೆ ಉಳಿ ಇಟ್ರೆ, ನನ್ನನ್ನೂ ಇಲ್ಲೇ ಮಲಗಿಸ್ತಾರೆ ಅಷ್ಟೆ.”

ನಕ್ಕ. ನನಗೆ ನಗು ಬರಲಿಲ್ಲ. 22ಕ್ಕೆ ಚರ್ಚನ್ನು ಅಪ್ಪುವ ಭಾನುವಾರ. ಊರೆಲ್ಲ ಚರ್ಚಿಗೆ ಮುಖಮಾಡಿ, ಕೈಕೈ ಹಿಡಿದು ಸುತ್ತ ನಿಲ್ಲುತ್ತದೆ. ಹಾಡುತ್ತ ಮುಂದೆ ಹೋಗುವುದು, ಹಿಂದೆ ಬರುವುದು. ಮನೆಗೊಂದು ಜಾಗ. ನಮ್ಮದು ಆ ಗೋರಿಯ ಮುಂದೆ; ಹಿಂದೆ ಸರಿದಾಗ ಬೆನ್ನು ಕಲ್ಲಿಗೇ ತಾಗುತ್ತದೆ. ಅಲ್ಲಿ ನಿಲ್ಲುವವಳು ಮ್ಯೂರಿಯಲ್ ಅಕ್ಕ.

ಸೆ. 12, ಚಹಾದ ಹೊತ್ತು

ಅಕ್ಕನಿಗೆ ಹೇಳಿದೆ — ಕಲ್ಲು ಸರಿಯಿಲ್ಲ, ಈ ವರ್ಷ ಆ ಜಾಗ ಬಿಟ್ಟುಬಿಡು.

“ಅಮ್ಮ ನಿಂತ ಜಾಗ ಕಣೇ ಅದು. ಸಾಲು ಎಲ್ಲಿ ಕಡಿಯುತ್ತೋ, ಆ ಮನೇಲಿ ವರ್ಷದೊಳಗೆ ಒಂದು ಹೆಣ. ಮರ್ತ್ಯಾ? ನಮ್ಮನೇಲಿ ಇರೋದು ಇಬ್ರೇ. ಯಾರ ಪಾಳಿ, ನೀನೇ ಹೇಳು.”

ತಲೆನೋವು. ಮೈ ಬಿಸಿ ಬೇರೆ. ಬಳ್ಳಿಯ ಮಾತು ಎತ್ತಲಿಲ್ಲ.

ಸೆ. 21, ಶನಿವಾರ

ಜ್ವರ ಬಿಟ್ಟಿದೆ. ಕಾಲಲ್ಲಿ ಶಕ್ತಿಯಿಲ್ಲ. ಆದರೂ ಹೋದೆ.

ಗೋರಿ ಬೋಳಾಗಿತ್ತು. ಒಂದು ಎಲೆಯೂ ಇಲ್ಲ. ಮೂಲೆಯ ಬಿರುಕಿನಲ್ಲಿ ನನ್ನ ಕೈ ಹೋಗುತ್ತದೆ... ಹಬ್ಬಕ್ಕೆ ಮುಂಚೆ ಅವರವರ ಗೋರಿ ಅವರವರು ತೊಳೆಯುವುದು ವಾಡಿಕೆ. ಹೇಗೆ ಮರೆತೆ?

“ನೀನು ಮಲಗಿದ್ದೆಯಲ್ಲ, ನಾನೇ ಎಲ್ಲ ಕಿತ್ತುಹಾಕ್ದೆ,” ಎಂದಳು ಅಕ್ಕ. “ಅಜ್ಜಂದಿರು ಎಷ್ಟು ಲಕ್ಷಣವಾಗಿದ್ದಾರೆ ನೋಡು. ನಿನ್ನ ಕೈಲಿ ಬಿಟ್ಟಿದ್ರೆ ಭಿಕಾರಿಗಳ ಹಾಗೆ ಇರ್ತಿದ್ರು.”

ಎಲ್ಲ ಬಿಡಿಸಿ ಹೇಳಿದೆ. ಅವಳ ಮುಖ ಸಣ್ಣದಾಯಿತು. ಪುಲ್ಲೆನ್ ಊರಲ್ಲಿಲ್ಲ, ಸೋಮವಾರವೇ ಬರುವುದು. ಪಾದ್ರಿಗಳು ಒಪ್ಪಿದರು — ಗೋರಿಯ ಸುತ್ತ ಹಗ್ಗ, ಅಷ್ಟು ಜಾಗ ಖಾಲಿ. ನಾನೇ ಕಟ್ಟಿ ಬಂದೆ.

“ಸಾಲು ಕಡಿದ್ರೆ ಕಡೀಲಿ ಅಕ್ಕ. ಪಾಳಿ ನನ್ನದೇ ಅಂತ ಇಟ್ಕೋ.”

ನನ್ನನ್ನೇ ನೋಡಿದಳು. ಇನ್ನೂ ಬಿಳಚಿಕೊಂಡಿದ್ದೇನೆ, ಗೊತ್ತು.

“ಆಯ್ತಮ್ಮ,” ಎಂದಳು. ಜಗಳವಿಲ್ಲ. ಅಕ್ಕ ಇಷ್ಟು ಬೇಗ ಒಪ್ಪುವವಳಲ್ಲ. ಭಯವಾಗುತ್ತಿದೆ.

ಸೆ. 22, ಮಧ್ಯಾಹ್ನ ಮೂರು

ಗಂಟೆ ಹೊಡೆಯುತ್ತಿದೆ. ಅಕ್ಕ ಮೇಲೆ ತಯಾರಾಗುತ್ತಿದ್ದಾಳೆ. ಜೊತೆಯಲ್ಲೇ ಹೋಗೋಣ ಅಂದಿದ್ದಾಳೆ. ನನ್ನ ಪಕ್ಕದಲ್ಲೇ, ಉತ್ತರದ ಗೋಡೆಯ ಕಡೆ ನಿಲ್ಲಿಸಿಕೊಳ್ಳುತ್ತೇನೆ. ಕೈ ಬಿಡುವುದಿಲ್ಲ.

ಕರೆದೆ. ಮತ್ತೆ ಕರೆದೆ.

ಮೇಲೆ ಹೋಗಿ ನೋಡಿ ಬಂದೆ. ಇಲ್ಲ. ಬಾಗಿಲ ಹಿಂದಿನ ಕೊಕ್ಕೆಯಲ್ಲಿ ಅವಳ ಶಾಲೂ ಇಲ್ಲ. ಅಲ್ಲಿ ನಾನು ನಿನ್ನೆ ಕಟ್ಟಿದ್ದ ಹಗ್ಗ — ಅಚ್ಚುಕಟ್ಟಾಗಿ ಸುತ್ತಿ ತೂಗುಹಾಕಿದ್ದಾಳೆ.

ಹಾಡು ಶುರುವಾಯಿತು. ಮುಂದೆ ಹೋಗಿರುತ್ತಾರೆ. ಈಗ ಎಲ್ಲರೂ ಹಿಂದಕ್ಕೆ